ಬೊಗಸೆಯೊಳಗೊಂದು ಸಿಳ್ಳೆ

ಸಿಳ್ಳೆ ಎಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಟೂರಿಂಗ್ ಟಾಕೀಸಿನ ನೆಲದ ಸಾಲಿನಲ್ಲಿ ಕುಳಿತವರು ನಾಯಕ ತೆರೆಯ ಮೇಲೆ ಬಂದಾಗ ಹೊಡೆಯುತ್ತಿದ್ದ ಸಿಳ್ಳೆ, ಬೀದಿಯ ತಿರುವಿನಲ್ಲಿ ನಿಂತ ಪಡ್ಡೆ ಹುಡುಗರ ಸಿಳ್ಳೆ, ಆಟದ ಮೈದಾನದಲ್ಲಿ ಪಿ.ಟಿ. ಮೇಷ್ಟ್ರ ಸಿಳ್ಳೆ, ಅಡುಗೆಮನೆಯಿಂದ ಮೂರು ಸಲ ಕೂಗಿ ಸುಮ್ಮನಾಗುವ ಕುಕ್ಕರಿನ ಸಿಳ್ಳೆ... ಹೀಗೆ ಸಿಳ್ಳೆಗಳಲ್ಲಿ ಹಲವು ಜಾತಿ. ಆದರೆ ಈ ಯಾವ ಜಾತಿಗೂ ಸೇರದ, ಬಹಳ ಸಾಧು ಸ್ವಭಾವದ ಇನ್ನೊಂದು ಸಿಳ್ಳೆಯಿದೆ. ಅದಕ್ಕೆ ಪೀಪಿ ಬೇಡ, ನಾಲಿಗೆ ಮಡಚಿ ಬೆರಳು ಕಚ್ಚುವುದು ಬೇಡ, ನಯಾ ಪೈಸೆಯ ಖರ್ಚೂ ಇಲ್ಲ. ಎರಡು ಅಂಗೈ ಸೇರಿಸಿ ಬೊಗಸೆ ಮುಚ್ಚಿ, ಹೆಬ್ಬೆರಳುಗಳ ನಡುವಿನ ಸಂದಿಯಲ್ಲಿ ಮೆಲ್ಲಗೆ ಊದಿದರೆ ಸಾಕು. ಗೂಬೆಯಂತೆ, ಬೆಳವದಂತೆ, ಕೆಂಬೂತದಂತೆ 'ಕೂ' ಎಂಬ ತುಂಬಿದ ದನಿ ಹೊರಡುತ್ತದೆ. ದನ ಕಾಯುವ ಹುಡುಗರಿಗೆ ಗೊತ್ತಿದ್ದ ಈ ವಿದ್ಯೆ ಪುಸ್ತಕ ಓದುವ ಹುಡುಗರಿಗೆ ಗೊತ್ತಿರುವುದು ಕಡಿಮೆ. ಪುಸ್ತಕ ಓದಿಸುವ ಮೇಷ್ಟರಿಗಂತೂ ಇನ್ನೂ ಕಡಿಮೆ. ಈ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ.

ಹಿಂದಿನ ಬೆಂಚಿನ ಕೆಂಬೂತ

ಇದು ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ಆಗ ನಾನು ಮಲೆನಾಡಿನ ಅಂಚಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ತರಗತಿಗೆ ಶಬ್ದದ ಪಾಠ ನಡೆಯುತ್ತಿತ್ತು. ಅಂಗಡಿಯಿಂದ ಎರಡು ಖಾಲಿ ಸೋಡಾ ಬಾಟಲಿ ತಂದು, ಅವುಗಳ ಬಾಯಿಯ ಅಂಚಿಗೆ ತುಟಿಯಿಟ್ಟು ಊದಿ, 'ನೋಡಿ, ಒಳಗಿನ ಗಾಳಿ ಕಂಪಿಸುತ್ತದೆ, ಅದಕ್ಕೇ ಸದ್ದು ಬರುತ್ತದೆ' ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ತರಗತಿಯ ಹಿಂಭಾಗದಿಂದ 'ಕೂಪ್ ಕೂಪ್ ಕೂಪ್' ಎಂದು ಕೆಂಬೂತ ಕೂಗಿತು! ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಕೊನೆಯ ಬೆಂಚಿನ ಹುಡುಗನೊಬ್ಬ ಗಡಬಡಿಸಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ವಿಷಯಗಳಲ್ಲಿ ನಪಾಸಾದವನು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. 'ಹೊರಗೆ ನಿಲ್ಲು' ಎಂದೆ. ಆತ ತಲೆ ತಗ್ಗಿಸಿ ಹೊರಗೆ ಹೋಗಿ ನಿಂತ.

ಪಾಠ ಮುಂದುವರಿಸಿದೆ. ಆದರೆ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ನಾನು ಬಾಟಲಿಯಲ್ಲಿ ತೋರಿಸುತ್ತಿದ್ದುದನ್ನೇ ಅಲ್ಲವೇ ಆ ಹುಡುಗ ಬರಿಗೈಯಲ್ಲಿ ತೋರಿಸಿದ್ದು? ಅದೂ ನನಗಿಂತ ಚೆನ್ನಾಗಿ! ಗಂಟೆ ಹೊಡೆದ ಮೇಲೆ ಅವನನ್ನು ಕರೆದು, 'ಇನ್ನೊಂದು ಸಲ ಮಾಡು ನೋಡೋಣ' ಎಂದೆ. ಇದು ಹೊಸ ಬಗೆಯ ಶಿಕ್ಷೆ ಇರಬೇಕೆಂದು ಅವನು ಮೊದಲು ಹಿಂಜರಿದ. ನಂತರ ಬೊಗಸೆ ಮುಚ್ಚಿ ಊದಿದ. ನಾನೂ ಅವನಂತೆಯೇ ಕೈ ಹಿಡಿದು ಊದಿದೆ. 'ಫುಸ್' ಎಂದು ಗಾಳಿ ಹೋಯಿತು, ಅಷ್ಟೇ. ಇನ್ನೊಮ್ಮೆ ಊದಿದೆ. ಮತ್ತೆ ಫುಸ್!

ಒಂಬತ್ತು ದಿನ ನನ್ನದು ಇದೇ ಪಾಡು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಅವನು ಗುರು, ನಾನು ಶಿಷ್ಯ. ಅಂದು ಅವನು ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ. ಪುಸ್ತಕ ಓದುತ್ತ ಓದುತ್ತಲೇ ಕೈಯಲ್ಲಿ ಮಾಡಿ ನೋಡಿ.

ಕೈ ಹಿಡಿಯುವ ಬಗೆ

ಮೊದಲು ಕೈಗಳನ್ನು ತೊಳೆದುಕೊಳ್ಳಿ. ಅಂಗೈ ತೀರ ಒಣಗಿರುವುದಕ್ಕಿಂತ ತುಸು ತೇವವಿದ್ದರೆ ಒಳ್ಳೆಯದು. ಚರ್ಮಕ್ಕೆ ಚರ್ಮ ಚೆನ್ನಾಗಿ ಕೂಡಿಕೊಂಡು ಗಾಳಿ ಸೋರುವುದಿಲ್ಲ. ಉಂಗುರವಿದ್ದರೆ ತೆಗೆದಿಡಿ.

ಎಡಗೈಯನ್ನು ತೀರ್ಥಕ್ಕೆ ಹಿಡಿಯುವಂತೆ ಸ್ವಲ್ಪ ಕುಳಿ ಮಾಡಿ ಮುಂದೆ ಹಿಡಿಯಿರಿ. ಬಲಗೈಯನ್ನೂ ಹಾಗೆಯೇ ಕುಳಿ ಮಾಡಿ, ಚಪ್ಪಾಳೆ ತಟ್ಟುವಂತೆ, ಆದರೆ ಓರೆಯಾಗಿ, ಎಡಗೈಯ ಮೇಲೆ ಅಡ್ಡಲಾಗಿ ಕೂಡಿಸಿ. ಬಲಗೈಯ ನಾಲ್ಕು ಬೆರಳುಗಳು ಎಡಗೈಯ ಕಿರುಬೆರಳಿನ ಕಡೆಯ ಅಂಚನ್ನು ಸುತ್ತಿ ಹಿಡಿಯಲಿ. ಎಡಗೈಯ ಬೆರಳುಗಳು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಬಂದು ಅದರ ಹಿಂಬದಿಯನ್ನು ಅಪ್ಪಲಿ. ಈಗ ನಿಮ್ಮ ಬೊಗಸೆಯೊಳಗೆ ಒಂದು ಸಣ್ಣ ನಿಂಬೆಹಣ್ಣು ಹಿಡಿಯುವಷ್ಟು ಪೊಳ್ಳು ಇರಬೇಕು. ಅಂಗೈಗಳು ಒಂದಕ್ಕೊಂದು ಚಪ್ಪಟೆಯಾಗಿ ಅಂಟಿಕೊಂಡರೆ ಕೆಲಸ ಕೆಟ್ಟಿತು. ಹಾಗೆಂದು ಒಳಗೆ ಗುಬ್ಬಚ್ಚಿಯೊಂದನ್ನು ಹಿಡಿದಿದ್ದೀರಿ, ಅದು ಹಾರಿಯೂ ಹೋಗಬಾರದು, ಅದಕ್ಕೆ ನೋವೂ ಆಗಬಾರದು ಎಂಬಷ್ಟು ಹಗುರವಾದ ಹಿಡಿತ ಸಾಕು.

ಇನ್ನು ಹೆಬ್ಬೆರಳುಗಳು. ಅವೆರಡನ್ನೂ ಪಕ್ಕಪಕ್ಕದಲ್ಲಿ ಸಮನಾಗಿ ಇರಿಸಿ, ಗೆಣ್ಣಿನ ಬಳಿ ಸ್ವಲ್ಪ ಬಾಗಿಸಿ. ಉಗುರುಗಳು ನಿಮ್ಮ ಕಡೆ ನೋಡುತ್ತಿರಲಿ. ಬಾಗಿದ ಗೆಣ್ಣುಗಳ ಕೆಳಗೆ ಎರಡು ಹೆಬ್ಬೆರಳುಗಳ ನಡುವೆ ಉದ್ದನೆಯ ಒಂದು ಸಂದಿ ಕಾಣುತ್ತದೆಯಲ್ಲವೇ? ಅದೇ ಈ ವಾದ್ಯದ ಬಾಯಿ. ಇಡೀ ಬೊಗಸೆಯಲ್ಲಿ ಗಾಳಿಗೆ ಇರಬೇಕಾದ ದಾರಿ ಅದೊಂದೇ.

ಊದುವ ಬಗೆ

ತುಟಿಗಳನ್ನು 'ಊ' ಎನ್ನುವಂತೆ ಮಾಡಿಕೊಂಡು ಹೆಬ್ಬೆರಳುಗಳ ಗೆಣ್ಣಿನ ಮೇಲೆ ಇಡಿ. ಮೇಲ್ದುಟಿ ಗೆಣ್ಣಿನ ಮೇಲ್ಭಾಗಕ್ಕೆ, ಕೆಳದುಟಿ ಗೆಣ್ಣಿನ ಕೆಳಭಾಗಕ್ಕೆ ತಾಗಿರಲಿ. ಇಲ್ಲೊಂದು ಮುಖ್ಯ ಗುಟ್ಟಿದೆ. ಸಂದಿಯ ಮೇಲಿನ ಅರ್ಧ ಮಾತ್ರ ತುಟಿಗಳಿಂದ ಮುಚ್ಚಬೇಕು. ಕೆಳಗಿನ ಅರ್ಧ ತೆರೆದೇ ಇರಬೇಕು. ಬಾಯಿಂದ ಹೊರಟ ಗಾಳಿ ಸಂದಿಯ ಅಂಚಿಗೆ ತಗುಲಿ, ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಹಾಯಬೇಕು. ಪೂರ್ತಿ ಮುಚ್ಚಿಬಿಟ್ಟರೆ ಗಾಳಿ ಒಳಗೇ ಉಸಿರುಗಟ್ಟುತ್ತದೆ.

ಈಗ ಮೆಲ್ಲಗೆ, ಬಿಸಿ ಕಾಫಿಯನ್ನು ಆರಿಸುವಷ್ಟೇ ಮೆಲ್ಲಗೆ, ಕೆಳಮುಖವಾಗಿ ಊದಿ. ಮೊದಲ ಸಲವೇ ದನಿ ಬಂದರೆ ನೀವು ಪುಣ್ಯವಂತರು. ಬಾರದಿದ್ದರೆ ಗಾಬರಿ ಬೇಡ. ಅದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ.

ಒಂದು, ಸೋರಿಕೆ. ಬೆರಳುಗಳ ನಡುವೆ ಎಲ್ಲೋ ಗಾಳಿ ಹೊರಟುಹೋಗುತ್ತಿದೆ. ಸಂದಿಗೆ ಬಾಯಿಟ್ಟು ನೇರವಾಗಿ ಊದಿ, ಪಕ್ಕದಲ್ಲಿರುವವರಿಗೆ ನಿಮ್ಮ ಕೈ ಸುತ್ತ ತಮ್ಮ ಒದ್ದೆ ಬೆರಳು ಆಡಿಸಿ ನೋಡಲು ಹೇಳಿ. ಎಲ್ಲಿ ತಣ್ಣಗೆ ಗಾಳಿ ತಾಗುತ್ತದೆಯೋ ಅಲ್ಲಿ ತೂತಿದೆ ಎಂದು ಅರ್ಥ. ಬಹುಮಟ್ಟಿಗೆ ಅದು ಕಿರುಬೆರಳಿನ ಬುಡದಲ್ಲಿರುತ್ತದೆ.

ಎರಡು, ಕೋನ. ತುಟಿಯನ್ನು ಕೂದಲೆಳೆಯಷ್ಟು ಮೇಲೆ, ಕೆಳಗೆ ಸರಿಸುತ್ತ ಊದುತ್ತಿರಿ. ಹಾಗೆ ಸರಿಸುವಾಗ ಎಲ್ಲೋ ಒಂದು ಕಡೆ ಬರಿಯ ಫುಸ್ ಎನ್ನುವ ಗಾಳಿಯೊಳಗೆ ಮಬ್ಬಾದ ದನಿಯೊಂದು ಇಣುಕುತ್ತದೆ. ಅದೇ ಜಾಗ. ಅಲ್ಲೇ ನಿಲ್ಲಿ.

ಮೂರು, ಬಲ. ನನ್ನ ದೋಷ ಇದೇ ಆಗಿತ್ತು. 'ಸಾರ್, ನೀವು ಒಲೆ ಊದಿದ ಹಾಗೆ ಊದ್ತೀರಿ' ಎಂದು ಆ ಹುಡುಗ ಏಳನೆಯ ದಿನ ಸಂಕೋಚದಿಂದಲೇ ಹೇಳಿದ. ದನಿ ಬಾರದಿದ್ದಾಗ ಇನ್ನಷ್ಟು ಜೋರಾಗಿ ಊದುವುದು ಮನುಷ್ಯ ಸ್ವಭಾವ. ಆದರೆ ಜೋರು ಮಾಡಿದಷ್ಟೂ ಈ ಸಿಳ್ಳೆ ದೂರ ಓಡುತ್ತದೆ.

ಒಂದು ಎಚ್ಚರಿಕೆ. ಬಿಡುವಿಲ್ಲದೆ ಊದುತ್ತ ಹೋದರೆ ತಲೆ ಸುತ್ತುತ್ತದೆ. ಆರೇಳು ಸಲ ಊದಿದ ಮೇಲೆ ಕೈಬಿಟ್ಟು, ಸಹಜವಾಗಿ ಉಸಿರಾಡಿ, ಮತ್ತೆ ಶುರು ಮಾಡಿ. ದಿನಕ್ಕೆ ಹತ್ತು ನಿಮಿಷ ಸಾಕು.

ಒಳಗೆ ನಡೆಯುವುದೇನು?

ಬೊಗಸೆಯೊಳಗೆ ತಂತಿಯಿಲ್ಲ, ಚರ್ಮದ ಹೊದಿಕೆಯಿಲ್ಲ. ಹಾಗಾದರೆ ಸದ್ದು ಮಾಡುವುದು ಯಾವುದು? ಬರಿಯ ಗಾಳಿ! ಹೆಬ್ಬೆರಳ ಸಂದಿಯಲ್ಲಿರುವ ಗಾಳಿಯನ್ನು ಒಂದು ಸಣ್ಣ ಬಿರಡೆ ಎಂದುಕೊಳ್ಳಿ. ಒಳಗಿನ ಪೊಳ್ಳಿನಲ್ಲಿರುವ ಗಾಳಿಯನ್ನು ಸ್ಪ್ರಿಂಗ್ ಎಂದುಕೊಳ್ಳಿ. ಬಿರಡೆ ಒಳಕ್ಕೆ ತಳ್ಳಿದರೆ ಒಳಗಿನ ಗಾಳಿ ಅದುಮಿ, ಮತ್ತೆ ಅದನ್ನು ಹೊರಕ್ಕೆ ನೂಕುತ್ತದೆ. ಹೊರಬಂದ ಬಿರಡೆ ಮತ್ತೆ ಒಳಕ್ಕೆ. ಹೀಗೆ ಸೆಕೆಂಡಿಗೆ ನೂರಾರು ಸಲ ಒಳಗೂ ಹೊರಗೂ ಜೀಕುತ್ತದೆ. ನೀವು ಊದುವ ಗಾಳಿ ಈ ಉಯ್ಯಾಲೆಯನ್ನು ಹದವಾಗಿ ತಳ್ಳುತ್ತಿರುತ್ತದೆ. ಉಯ್ಯಾಲೆ ತೂಗುವವರು ಎಷ್ಟು ಬಲವಾಗಿ ತಳ್ಳುತ್ತಾರೆ ಎನ್ನುವುದಕ್ಕಿಂತ ಯಾವ ಕ್ಷಣದಲ್ಲಿ ತಳ್ಳುತ್ತಾರೆ ಎನ್ನುವುದೇ ಮುಖ್ಯವಲ್ಲವೇ? ಇಲ್ಲಿಯೂ ಅಷ್ಟೇ. ಒಲೆ ಊದಿದ ಹಾಗೆ ಊದಿದರೆ ದನಿ ಬಾರದಿರುವುದು ಇದಕ್ಕೇ.

ಇಂಥ ಪೊಳ್ಳುಗಳ ಗುಟ್ಟನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದವನು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ (1821-1894). ಆತ ಮೊದಲು ಓದಿದ್ದು ವೈದ್ಯ ಶಾಸ್ತ್ರ. ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು 1851ರಲ್ಲಿ ಜಗತ್ತಿಗೆ ಪರಿಚಯಿಸಿದವನೂ ಅವನೇ. ಕಿವಿಗೆ ಹಿಡಿದುಕೊಳ್ಳುವ ಟೊಳ್ಳು ಗುಂಡುಗಳ ಸಾಲೊಂದನ್ನು ಬಳಸಿ, ಒಂದು ಸ್ವರದೊಳಗೆ ಅಡಗಿರುವ ಇತರ ಸ್ವರಗಳನ್ನು ಆತ ಬೇರ್ಪಡಿಸಿ ಕೇಳಿದ. ಸ್ವರ ಸಂವೇದನೆಯ ಬಗ್ಗೆ ಅವನ ಮಹತ್ವದ ಗ್ರಂಥ ಹೊರಬಂದದ್ದು 1863ರಲ್ಲಿ. ಇಂದಿಗೂ ಇಂಥ ಪೊಳ್ಳುಗಳಿಗೆ 'ಹೆಲ್ಮ್‌ಹೋಲ್ಟ್ಸ್ ಅನುರಣಕ' ಎಂದೇ ಹೆಸರು. ನಿಮ್ಮ ಬೊಗಸೆಯೂ ಅಂಥದೇ ಒಂದು ಅನುರಣಕ.

ಅವನ ಸೂತ್ರದ ಸಾರ ಇಷ್ಟು: ಪೊಳ್ಳು ದೊಡ್ಡದಾದರೆ ಸ್ವರ ಇಳಿಯುತ್ತದೆ, ಬಾಯಿ ದೊಡ್ಡದಾದರೆ ಸ್ವರ ಏರುತ್ತದೆ. ಬೊಗಸೆಯ ಪೊಳ್ಳು 60 ಘನ ಸೆಂಟಿಮೀಟರ್, ಸಂದಿಯ ವಿಸ್ತೀರ್ಣ ಸುಮಾರು 1 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಸೆಕೆಂಡಿಗೆ ಹೆಚ್ಚುಕಡಿಮೆ 500ರಿಂದ 600 ಕಂಪನಗಳ ಸ್ವರ ಬರುತ್ತದೆ. ತುಟಿಗಳಿಂದ ಹೊಡೆಯುವ ಸಿಳ್ಳೆ ಸಾಮಾನ್ಯವಾಗಿ 1000 ಕಂಪನಗಳಿಗಿಂತ ಮೇಲಿರುತ್ತದೆ. ಬೊಗಸೆ ಸಿಳ್ಳೆ ಗಂಭೀರವಾಗಿ ಕೇಳುವುದು ಈ ಕಾರಣದಿಂದ. ಮಕ್ಕಳ ಪುಟ್ಟ ಕೈಗಳ ಸಿಳ್ಳೆ ಅಪ್ಪನ ದೊಡ್ಡ ಕೈಗಳ ಸಿಳ್ಳೆಗಿಂತ ಏರುಸ್ವರದಲ್ಲಿರುವುದೂ ಇದೇ ಕಾರಣದಿಂದ. ಬಾಯಿಯನ್ನು ಬದಲಿಸದೆ ಸ್ವರವನ್ನು ಒಂದು ಪೂರ್ತಿ ಸ್ಥಾಯಿ ಏರಿಸಬೇಕಾದರೆ, ಪೊಳ್ಳನ್ನು ಅರ್ಧ ಮಾಡಿದರೆ ಸಾಲದು, ಕಾಲು ಭಾಗಕ್ಕೆ ಇಳಿಸಬೇಕು.

ಒಮ್ಮೆ ದನಿ ಕೈವಶವಾದ ಮೇಲೆ ಆಟ ಶುರು. ಹೊರಗಿನ ಕೈಯ ಬೆರಳುಗಳನ್ನು ಒಂದೊಂದಾಗಿ ತುಸು ಎತ್ತಿದರೆ ಸ್ವರ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ನಾಲ್ಕು ಬೆರಳುಗಳನ್ನು ಪಟಪಟನೆ ಬಡಿದರೆ ದನಿ ನಡುಗುತ್ತದೆ. ಅಂಗೈಗಳನ್ನು ಹಿಂಡಿದರೆ ಮತ್ತೊಂದು ಬಗೆ. ಘಟ ನುಡಿಸುವ ವಿದ್ವಾಂಸರು ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ ನಾದ ಬದಲಿಸುವುದನ್ನು ನೋಡಿದ್ದೀರಲ್ಲ? ತತ್ವ ಒಂದೇ.

ವಿದ್ಯಾರ್ಥಿಗಳಿಗೆ ಮನೆಗೆಲಸ: ಒಂದು ಗಾಜಿನ ಬಾಟಲಿಗೆ ಸ್ವಲ್ಪಸ್ವಲ್ಪವೇ ನೀರು ತುಂಬುತ್ತ, ಪ್ರತಿ ಸಲವೂ ಬಾಯಿಯ ಅಂಚಿನಲ್ಲಿ ಊದಿ. ಸ್ವರ ಏರುತ್ತ ಹೋಗುತ್ತದೆ. ಅದೇ ಬಾಟಲಿಯ ಮೈಗೆ ಚಮಚದಿಂದ ಮೆಲ್ಲಗೆ ತಟ್ಟಿ. ನೀರು ಹೆಚ್ಚಿದಂತೆ ಸ್ವರ ಇಳಿಯುತ್ತದೆ! ಅದೇ ಬಾಟಲಿ, ಅದೇ ನೀರು, ಫಲ ಮಾತ್ರ ತಿರುಗುಮುರುಗು. ಊದಿದಾಗ ಕಂಪಿಸುವುದು ಯಾವುದು, ತಟ್ಟಿದಾಗ ಕಂಪಿಸುವುದು ಯಾವುದು ಎಂದು ಯೋಚಿಸಿದರೆ ಉತ್ತರ ನಿಮಗೇ ಹೊಳೆಯುತ್ತದೆ.

ಕವಿಯೂ ಕಂಡ ಹುಡುಗ

ಬೊಗಸೆ ಸಿಳ್ಳೆ ನಮ್ಮ ಊರಿನ ಸ್ವತ್ತಷ್ಟೇ ಅಲ್ಲ. ಇಂಗ್ಲಿಷ್ ಕವಿ ವಿಲಿಯಂ ವರ್ಡ್ಸ್‌ವರ್ತ್ 1798ರಲ್ಲಿ ಬರೆದು 1800ರಲ್ಲಿ ಪ್ರಕಟಿಸಿದ ಒಂದು ಕವಿತೆಯಲ್ಲಿ, ಸರೋವರದ ದಡದಲ್ಲಿ ನಿಂತು ಎರಡೂ ಕೈ ಜೋಡಿಸಿ ಬಾಯಿಗಿಟ್ಟು ಗೂಬೆಗಳಂತೆ ಕೂಗುವ ಹುಡುಗನೊಬ್ಬ ಬರುತ್ತಾನೆ. ಆಚೆ ದಡದ ಗೂಬೆಗಳು ಅವನಿಗೆ ಓಗೊಡುತ್ತವೆ. ಇಟಲಿಯ ಬೂದ್ರಿಯೋ ಪಟ್ಟಣದ ಜುಸೆಪ್ಪೆ ದೊನಾತಿ 1853ರಲ್ಲಿ, ಇನ್ನೂ ಹದಿಹರೆಯದ ಹುಡುಗನಾಗಿದ್ದಾಗಲೇ, ಮಣ್ಣಿನಿಂದ ರೂಪಿಸಿದ 'ಒಕರೀನಾ' ಎಂಬ ವಾದ್ಯವೂ ಬೊಗಸೆಯ ತಮ್ಮನೇ. ಟೊಳ್ಳು ಹೊಟ್ಟೆ, ಮೈಮೇಲೆ ತೂತುಗಳು. ಅದರ ಹೆಸರಿಗೆ ಅಲ್ಲಿಯ ಆಡುಮಾತಿನಲ್ಲಿ 'ಪುಟ್ಟ ಹೆಬ್ಬಾತು' ಎಂದರ್ಥ.

ಸಿಳ್ಳೆಯಲ್ಲಿ ಮಾತನ್ನೇ ಆಡುವ ಜನರೂ ಇದ್ದಾರೆ. ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ಲಾ ಗೊಮೇರಾ ಎಂಬುದೊಂದು. ಕಡಿದಾದ ಕಣಿವೆಗಳ ಆ ದ್ವೀಪದಲ್ಲಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ನಡೆದು ಹೋಗಿ ಸುದ್ದಿ ಮುಟ್ಟಿಸುವ ಬದಲು ಜನ ಸ್ಪ್ಯಾನಿಷ್ ಮಾತನ್ನೇ ಸಿಳ್ಳೆಗೆ ಇಳಿಸಿದರು. ಬಾಯಲ್ಲಿ ಬೆರಳಿಟ್ಟು ಹೊಡೆಯುವ ಆ ಸಿಳ್ಳೆಯನ್ನು ದೂರಕ್ಕೆ ಕಳಿಸಲು ಇನ್ನೊಂದು ಕೈಯನ್ನು ಬೊಗಸೆಯಂತೆ ಹಿಡಿಯುತ್ತಾರೆ. ರಸ್ತೆ, ಫೋನು ಬಂದ ಮೇಲೆ ಈ ವಿದ್ಯೆ ಅಳಿಯುವ ಸ್ಥಿತಿಗೆ ಬಂತು. ಆಗ ಅಲ್ಲಿಯವರು ಮಾಡಿದ್ದೇನು ಗೊತ್ತೇ? 1999ರಿಂದ ಶಾಲೆಗಳಲ್ಲಿ ಸಿಳ್ಳೆಯನ್ನು ಪಾಠವಾಗಿಯೇ ಕಲಿಸತೊಡಗಿದರು! 2009ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಟರ್ಕಿಯ ಕುಷ್‌ಕೊಯ್ ಎಂಬ ಹಳ್ಳಿಯ ಸುತ್ತಮುತ್ತಲಿನ ಸಿಳ್ಳೆ ಭಾಷೆಗೆ 2017ರಲ್ಲಿ ಇಂಥದೇ ಮನ್ನಣೆ ದೊರೆಯಿತು. ಆ ಹೆಸರಿನ ಅರ್ಥವೇ 'ಹಕ್ಕಿಗಳ ಹಳ್ಳಿ'. ನಮ್ಮ ದೇಶದಲ್ಲೇ ಮೇಘಾಲಯದ ಕೊಂಗ್‌ಥಾಂಗ್ ಗ್ರಾಮದಲ್ಲಿ ತಾಯಿ ತನ್ನ ಪ್ರತಿ ಮಗುವಿಗೂ ಬೇರೆಬೇರೆ ರಾಗವೊಂದನ್ನು ಕಟ್ಟುತ್ತಾಳೆ. ಕಾಡಿನಲ್ಲಿ ಒಬ್ಬರನ್ನೊಬ್ಬರು ಕರೆಯಲು ಹೆಸರಿಗೆ ಬದಲು ಆ ರಾಗವೇ ಸಾಕು.

ತಂದೆ-ತಾಯಿಯರಿಗೆ ಎರಡು ಮಾತು

'ಸಂಜೆ ಹೊತ್ತು ಸಿಳ್ಳೆ ಹೊಡೆದರೆ ಹಾವು ಬರುತ್ತೆ', 'ಹೆಣ್ಣುಮಕ್ಕಳು ಸಿಳ್ಳೆ ಹೊಡೀಬಾರದು' ಎನ್ನುವ ಮಾತುಗಳನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಹಾವಿಗೆ ಹೊರಗಿವಿಯೇ ಇಲ್ಲ, ಸಿಳ್ಳೆ ಕೇಳಿ ಮನೆಯ ದಾರಿ ಹುಡುಕಿಕೊಂಡು ಅದು ಬರುವುದೂ ಇಲ್ಲ. ಲಾ ಗೊಮೇರಾದ ಶಾಲೆಗಳಲ್ಲಿ ಹುಡುಗಿಯರೂ ಹುಡುಗರೂ ಒಟ್ಟಿಗೇ ಕುಳಿತು ಸಿಳ್ಳೆ ಕಲಿಯುತ್ತಾರೆ. ನಮ್ಮ ಮನೆಯ ಜಗಲಿಯಲ್ಲಿ ಕಲಿತರೆ ತಪ್ಪೇನು? ಹೊತ್ತು ಗೊತ್ತು ನೋಡಿಕೊಂಡು, ನೆರೆಯವರ ನಿದ್ದೆ ಕೆಡಿಸದಂತೆ, ಗೂಡು ಕಟ್ಟಿದ ಹಕ್ಕಿಗಳ ಹತ್ತಿರ ಹೋಗಿ ಅಣಕಿಸಿ ಅವುಗಳನ್ನು ಕಂಗೆಡಿಸದಂತೆ ನೋಡಿಕೊಂಡರಾಯಿತು.

ಇನ್ನೊಂದು ಮಾತು ನನ್ನ ಬಗ್ಗೆಯೇ. ಹುಣಸೆಮರದ ಕೆಳಗಿನ ಆ ಒಂಬತ್ತು ದಿನಗಳಲ್ಲಿ ನಾನು ನೂರಾರು ಸಲ ತಪ್ಪಿದೆ. ಆ ಹುಡುಗ ಒಂದು ಸಲವೂ 'ಇಷ್ಟೂ ಗೊತ್ತಾಗಲ್ವಾ?' ಎನ್ನಲಿಲ್ಲ. ನನ್ನ ಕೈ ಹಿಡಿದು, ಕಿರುಬೆರಳು ಸರಿಪಡಿಸಿ, 'ಈಗ ಊದಿ ಸಾರ್' ಎನ್ನುತ್ತಿದ್ದ. ಅಷ್ಟೇ. 'ಇಷ್ಟೂ ಗೊತ್ತಾಗಲ್ವಾ?' ಎಂಬ ಮಾತನ್ನು ನಾನು ಮಾತ್ರ ದಿನಕ್ಕೆ ಹತ್ತು ಸಲ ತರಗತಿಯಲ್ಲಿ ಆಡುತ್ತಿದ್ದೆ. ಅವನಿಗೇ ಎಷ್ಟು ಸಲ ಅಂದಿದ್ದೆನೋ! ಕಣ್ಣೆದುರಿಗೇ ಇನ್ನೊಬ್ಬರು ಸಲೀಸಾಗಿ ಮಾಡುವ ಕೆಲಸ ನಮಗೆ ಬಾರದಿದ್ದಾಗ ಹೊಟ್ಟೆಯೊಳಗೆ ಆಗುವ ಸಂಕಟ ಎಂಥದೆಂಬುದು ಹದಿನಾರು ವರ್ಷ ಪಾಠ ಹೇಳಿದ ಮೇಲೆ ನನಗೆ ಅಲ್ಲಿ ತಿಳಿಯಿತು.

ಹತ್ತನೆಯ ದಿನ ದನಿ ಬಂತು. ಒರಟಾದ, ನೆಗಡಿಯಾದ ಗೂಬೆಯಂಥ ದನಿ. ನನಗಿಂತ ಹೆಚ್ಚು ಕುಣಿದಾಡಿದವನು ಅವನು. ಮರುದಿನ ತರಗತಿಯಲ್ಲಿ ಅನುರಣನದ ಪಾಠವನ್ನು ಮತ್ತೆ ಮೊದಲಿನಿಂದ ತೆಗೆದುಕೊಂಡೆ. ಸೋಡಾ ಬಾಟಲಿ ಪಕ್ಕಕ್ಕಿಟ್ಟು ಅವನನ್ನು ಮುಂದಕ್ಕೆ ಕರೆದೆ. ಅವನನ್ನು ಹೊರಗೆ ನಿಲ್ಲಿಸಿದ್ದು ನನ್ನ ತಪ್ಪು ಎಂದು ಎಲ್ಲರ ಎದುರಿಗೆ ಹೇಳಿದೆ. ಮುಂದಿನ ನಲವತ್ತು ನಿಮಿಷ ಅವನು ಸಹಪಾಠಿಗಳ ಕೈಗಳನ್ನು ಒಂದೊಂದಾಗಿ ಸರಿಪಡಿಸುತ್ತ ಓಡಾಡಿದ. ಆ ಮಧ್ಯಾಹ್ನ ಹದಿಮೂರು ಮಕ್ಕಳಿಗೆ ದನಿ ಬಂತು. ಉಳಿದವರಿಗೆ ಬರಲಿಲ್ಲ.

ಇದರಿಂದ ಆ ಹುಡುಗ ರ‍್ಯಾಂಕ್ ಬಂದನೆಂದು ನಾನು ಹೇಳುವುದಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಹೇಗೋ ಪಾಸಾದ, ಗಣಿತ ಮತ್ತೆ ಕೈಕೊಟ್ಟಿತು. ಆದರೆ ಗೊತ್ತಾಗದಿದ್ದರೆ ಕೈಯೆತ್ತಿ ಕೇಳುವುದನ್ನು ಕಲಿತ. ನಾನು ಆ ಒಂದು ವಾಕ್ಯವನ್ನು ಬಿಟ್ಟೆ. ಪೂರ್ತಿ ಬಿಡಲು ಒಂಬತ್ತು ದಿನಗಳಿಗಿಂತ ಬಹಳ ಹೆಚ್ಚು ಕಾಲ ಹಿಡಿಯಿತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈಗ ರಜೆಗೆ ಬಂದಿರುವ ಮೊಮ್ಮಗಳು ಜಗಲಿಯ ಮೇಲೆ ಕುಳಿತು ಊದುತ್ತಿದ್ದಾಳೆ. ಮೂರು ದಿನವಾಯಿತು, ಬರಿಯ ಫುಸ್. ಕಿರುಬೆರಳಿನ ಬುಡದಲ್ಲಿ ಗಾಳಿ ಸೋರುತ್ತಿದೆ. ನಿನ್ನೆ ಸಂಜೆ ಅವಳು ಸೋತು ಕೈಕೊಡವಿದಾಗ ನನ್ನ ಬಾಯಿಗೆ ಆ ಹಳೆಯ ವಾಕ್ಯ ಬಂದೇಬಿಟ್ಟಿತ್ತು. ನುಂಗಿಕೊಂಡು, ಅವಳ ಬೆರಳು ಸರಿಪಡಿಸಿ, 'ಈಗ ಊದು' ಎಂದೆ. ನಾಳೆಗೆ ನಾಲ್ಕನೆಯ ದಿನ. ನಾವಿಬ್ಬರೂ ಕಾಯುತ್ತಿದ್ದೇವೆ.